ಕೂಸು ಎನ್‌ಐಸಿಯುನಲ್ಲಿದ್ದಾಗ ಮನೆಯವರು ಮಾಡಬೇಕಾದ್ದೇನು?

ಹೊಳೆನರಸೀಪುರದಲ್ಲೋ, ಅರಕಲಗೂಡಿನಲ್ಲೋ, ಚನ್ನರಾಯಪಟ್ಟಣದಲ್ಲೋ ಹೆರಿಗೆಯಾಗುತ್ತದೆ. ಕೂಸು ದಿನ ತುಂಬುವ ಮೊದಲೇ ಹುಟ್ಟಿದೆ, ಇಲ್ಲವೇ ಹುಟ್ಟಿದ ಕೂಡಲೇ ಅಳಲಿಲ್ಲ. ‘ಹಾಸನಕ್ಕೆ ಕಳಿಸುತ್ತೇವೆ, ಎನ್‌ಐಸಿಯುನಲ್ಲಿ ಇಡಬೇಕು’ ಎನ್ನುತ್ತಾರೆ ಡಾಕ್ಟರು. ಅಪ್ಪನೂ ಅಜ್ಜಿಯೂ ಕೂಸಿನ ಜೊತೆ ಆಂಬುಲೆನ್ಸ್ ಹತ್ತುತ್ತಾರೆ. ಸಿಸೇರಿಯನ್ ಆದ ತಾಯಿ ಊರಿನ ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿಯುತ್ತಾಳೆ. ಹಾಸನದಲ್ಲಿ ಕೂಸನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಅಪ್ಪನಿಗೆ ಹೊರಗಿನ ಬೆಂಚೇ ಗತಿ. ಯಾರನ್ನು ಏನು ಕೇಳಬೇಕೋ ತಿಳಿಯುವುದಿಲ್ಲ.

ಆ ಬೆಂಚಿನ ಮೇಲೆ ಕೂತವರಿಗೆ ಮತ್ತು ಅವರ ನೆಂಟರಿಷ್ಟರಿಗೆ ಈ ಬರಹ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೂಸು ಒಳಗಿದ್ದರೂ ಅದರ ಆರೈಕೆಯಲ್ಲಿ ನಿಮ್ಮ ಪಾಲಿದೆ. ಅಮ್ಮನ ಹಾಲು, ಅಪ್ಪ-ಅಮ್ಮನ ಮೈಶಾಖ, ಅವರ ದನಿ, ಇವೆಲ್ಲ ಚಿಕಿತ್ಸೆಯ ಭಾಗವೇ. ಇವನ್ನು ಯಂತ್ರದಿಂದ ಕೊಡಲಾಗದು, ನರ್ಸ್‌ಗಳಿಂದಲೂ ಆಗದು. ಆದ್ದರಿಂದ ತಾಯಿಯನ್ನು ಆದಷ್ಟು ಬೇಗ ಕೂಸಿನ ಹತ್ತಿರಕ್ಕೆ ಕರೆತರುವುದೇ ಮನೆಯವರ ಮೊದಲ ಕೆಲಸ.

ಒಳಗೆ ಏನು ನಡೆಯುತ್ತದೆ?

ಎನ್‌ಐಸಿಯು ಎಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ. ಸರ್ಕಾರಿ ಆಸ್ಪತ್ರೆಗಳಲ್ಲಿ ‘ಎಸ್‌ಎನ್‌ಸಿಯು’ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಅದು ವಿಶೇಷ ನವಜಾತ ಶಿಶು ಆರೈಕೆ ಘಟಕ. ಕೇಂದ್ರ ಆರೋಗ್ಯ ಇಲಾಖೆಯ 2011ರ ಮಾರ್ಗಸೂಚಿಯಂತೆ ಈ ವ್ಯವಸ್ಥೆಗೆ ಮೂರು ಹಂತಗಳಿವೆ. ಹೆರಿಗೆಯಾಗುವ ಪ್ರತಿಯೊಂದು ಕಡೆಯಲ್ಲೂ ಕೂಸನ್ನು ಬೆಚ್ಚಗಿಟ್ಟು ಉಸಿರಾಟಕ್ಕೆ ನೆರವಾಗುವ ಒಂದು ಮೂಲೆ ಇರಬೇಕು. ತಾಲ್ಲೂಕು ಆಸ್ಪತ್ರೆಯ ಹಂತದಲ್ಲಿ ‘ಎನ್‌ಬಿಎಸ್‌ಯು’, ಅಂದರೆ ಕೂಸಿನ ಸ್ಥಿತಿಯನ್ನು ಹತೋಟಿಗೆ ತರುವ ನಾಲ್ಕು ಹಾಸಿಗೆಯ ಘಟಕ. ಜಿಲ್ಲೆಯ ಹಂತದಲ್ಲಿ ಕನಿಷ್ಠ 12 ಹಾಸಿಗೆಯ ಎಸ್‌ಎನ್‌ಸಿಯು. ನಮ್ಮ ಜಿಲ್ಲೆಗೆ ಅದು ಹಾಸನದ ಹಿಮ್ಸ್ ಬೋಧಕ ಆಸ್ಪತ್ರೆ. ಹಳಬರು ಈಗಲೂ ಜಿಲ್ಲಾಸ್ಪತ್ರೆ ಎಂದೇ ಕರೆಯುವ ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಇದೇ.

ಎಂಥ ಕೂಸುಗಳನ್ನು ಸೇರಿಸಿಕೊಳ್ಳುತ್ತಾರೆ? 1,800 ಗ್ರಾಂಗಿಂತ ಕಡಿಮೆ ತೂಕದವು, 34 ವಾರ ತುಂಬುವ ಮೊದಲೇ ಹುಟ್ಟಿದವು, ಹುಟ್ಟಿದಾಗ ಉಸಿರುಗಟ್ಟಿದವು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರೆಳೆಯುವವು, ಫಿಟ್ಸ್ ಬಂದವು, ಹಾಲು ಕುಡಿಯದವು, ಕಾಮಾಲೆ ಜಾಸ್ತಿಯಾದವು, ನಂಜು ತಗಲಿದವು. ತುಂಬು ತಿಂಗಳ ದಪ್ಪ ಕೂಸನ್ನೂ ಕೆಲವು ಸಲ ಸೇರಿಸಬೇಕಾಗುತ್ತದೆ. ಹಾಗಾಗಿ ‘ಬಸುರಿಯಲ್ಲಿ ಸರಿಯಾಗಿ ತಿನ್ನಲಿಲ್ಲ, ಅದಕ್ಕೇ ಹೀಗಾಯಿತು’ ಎಂದು ಬಾಣಂತಿಯ ಮೇಲೆ ತಪ್ಪು ಹೊರಿಸಬೇಡಿ. ಅವಧಿಗೆ ಮುಂಚೆ ಹೆರಿಗೆಯಾಗಲು ರಕ್ತದೊತ್ತಡ, ಸೋಂಕು, ಅವಳಿ ಗರ್ಭದಂಥ ಕಾರಣಗಳಿರುತ್ತವೆ. ಎಷ್ಟೋ ಸಲ ಕಾರಣ ಗೊತ್ತಾಗುವುದೂ ಇಲ್ಲ.

ಒಳಗೆ ಹೋದಾಗ ಕಣ್ಣಿಗೆ ಬೀಳುವ ಸಾಮಾನುಗಳ ಪರಿಚಯ ಇದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ. ಮೇಲಿನಿಂದ ಶಾಖ ಬೀಳುವ ತೆರೆದ ತೊಟ್ಟಿಲಿನಂಥದ್ದು ವಾರ್ಮರ್. ಊರಲ್ಲಿ ಜನ ‘ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ’ ಎನ್ನುವುದು ಇದಕ್ಕೇ. ಸಣ್ಣ ಕೂಸಿನ ಚರ್ಮದಡಿ ಕೊಬ್ಬು ತೀರ ಕಡಿಮೆ, ಅದು ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು. ಅದರ ಮೈ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಕಾಲಿಗೆ ಕೆಂಪು ದೀಪದ ಪಟ್ಟಿ ಕಟ್ಟಿದ್ದರೆ ಅದು ಪಲ್ಸ್ ಆಕ್ಸಿಮೀಟರ್, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುತ್ತದೆ. ನೀಲಿ ದೀಪದ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ದರೆ ಅದು ಫೋಟೊಥೆರಪಿ, ಕಾಮಾಲೆಯ ಚಿಕಿತ್ಸೆ. ಮೂಗಿಗೆ ಹಾಕಿದ ದಪ್ಪ ನಳಿಕೆ ಸಿ-ಪ್ಯಾಪ್ ಆಗಿರಬಹುದು. ಅದು ಶ್ವಾಸಕೋಶದ ಗಾಳಿಚೀಲಗಳು ಮುದುಡಿಕೊಳ್ಳದಂತೆ ಮೆಲ್ಲನೆ ಗಾಳಿ ಒತ್ತುತ್ತದೆ, ಉಸಿರನ್ನು ಕೂಸೇ ಎಳೆದುಕೊಳ್ಳುತ್ತದೆ. ಉಸಿರಾಟದ ಪೂರ್ತಿ ಕೆಲಸವನ್ನು ಮಾಡುವುದು ವೆಂಟಿಲೇಟರ್. ಇವೆರಡೂ ಬೇರೆ ಬೇರೆ. ನಿಮ್ಮ ಕೂಸಿಗೆ ಯಾವುದು ಹಾಕಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ.

ಯಂತ್ರ ಕೂಗಿಕೊಂಡರೆ ಗಾಬರಿಯಾಗಬೇಡಿ. ಕೂಸು ಕಾಲು ಆಡಿಸಿ ಪಟ್ಟಿ ಸಡಿಲವಾದರೂ ಅದು ಕೂಗುತ್ತದೆ. ಮೊದಲ ವಾರ ತೂಕ ಇಳಿದರೂ ಎದೆಗುಂದಬೇಡಿ. ಹುಟ್ಟಿದ ತೂಕದಲ್ಲಿ ಶೇ 10ರಷ್ಟು ಇಳಿಯುವುದು ಸಹಜ. ತೀರ ಸಣ್ಣ ಕೂಸುಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು ಇಳಿಯಬಹುದು. ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸು ಬರುತ್ತದೆ.

‘ಏಳನೇ ತಿಂಗಳ ಕೂಸು ಉಳಿಯುತ್ತದೆ, ಎಂಟನೇ ತಿಂಗಳದ್ದು ಉಳಿಯುವುದಿಲ್ಲ’ ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಓಡಾಡುತ್ತಿದೆ. ಇದು ಸುಳ್ಳು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ. ಈ ಮಾತನ್ನು ಬಾಣಂತಿಯ ಕಿವಿಗೆ ಬೀಳದಂತೆ ನೋಡಿಕೊಳ್ಳಿ.

ಅಪ್ಪ-ಅಮ್ಮನನ್ನು ಒಳಗೆ ಬಿಡುತ್ತಾರೆಯೇ?

ಬಿಡಬೇಕೆಂಬುದು ಸರ್ಕಾರದ್ದೇ ನೀತಿ. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ ಮೊದಲು ಮಾಡಿ ನೋಡಿದ ಕ್ರಮವೊಂದನ್ನು ಆಧರಿಸಿ ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ಮಾರ್ಗಸೂಚಿ ಹೊರಡಿಸಿತು. ‘ಫ್ಯಾಮಿಲಿ ಪಾರ್ಟಿಸಿಪೇಟರಿ ಕೇರ್’ ಎಂಬುದು ಅದರ ಹೆಸರು. ಕೂಸಿನ ಆರೈಕೆಯಲ್ಲಿ ಮನೆಯವರೂ ಕೈಜೋಡಿಸುವುದು ಎಂದರ್ಥ. ಒಳಗೆ ಬರುವ ರೀತಿ, ಕೈ ತೊಳೆಯುವುದು, ಹಾಲು ಹಿಂಡಿ ಕುಡಿಸುವುದು, ಬಟ್ಟೆ ಬದಲಿಸುವುದು, ಎದೆಗಪ್ಪಿ ಬೆಚ್ಚಗಿಡುವುದು, ಅಪಾಯದ ಲಕ್ಷಣ ಗುರುತಿಸುವುದು, ಇಷ್ಟನ್ನೂ ನರ್ಸ್‌ಗಳೇ ತಂದೆತಾಯಿಗೆ ಕಲಿಸಬೇಕು. ಸೂಜಿ, ಔಷಧ, ಯಂತ್ರ ಆಸ್ಪತ್ರೆಯವರ ಕೆಲಸ. ಉಳಿದದ್ದರಲ್ಲಿ ನಿಮ್ಮ ಕೈ ಇರಬೇಕು.

ಎಲ್ಲ ಘಟಕಗಳಲ್ಲೂ ಇದು ಒಂದೇ ತರಹ ನಡೆಯುವುದಿಲ್ಲ ಎಂಬುದೂ ನಿಜ. ಜಾಗ ಇಕ್ಕಟ್ಟಾಗಿರುತ್ತದೆ, ಒಬ್ಬ ಸಿಸ್ಟರ್ ಹಲವು ಕೂಸು ನೋಡಿಕೊಳ್ಳುತ್ತಿರುತ್ತಾರೆ. ಖಾಸಗಿ ಆಸ್ಪತ್ರೆಗಳಿಗೆ ಅವುಗಳದ್ದೇ ನಿಯಮ. ಆದರೂ ನೀವು ಕೇಳಬೇಕು. ‘ಸಿಸ್ಟರ್, ಕೂಸಿನ ಯಾವ ಕೆಲಸ ನಾವು ಮಾಡಬಹುದು? ಯಾವ ಹೊತ್ತಿಗೆ ಬರಲಿ?’ ಎಂದು ಕೇಳಿದರೆ ಬೇಡ ಎನ್ನುವವರು ಕಡಿಮೆ.

ನಾವು ಒಳಗೆ ಹೋದರೆ ಕೂಸಿಗೆ ನಂಜಾಗುವುದಿಲ್ಲವೇ ಎಂಬ ಭಯ ಎಲ್ಲರಿಗೂ ಇರುತ್ತದೆ. ಸರಿಯಾಗಿ ಕೈ ತೊಳೆದರೆ ಆ ಭಯ ಬೇಡ. ಉಂಗುರ, ವಾಚು, ಕೈಗೆ ಕಟ್ಟಿದ ದಾರ ತೆಗೆದಿಡಿ. ಬಳೆಯನ್ನೂ ತೆಗೆಯಬೇಕು. ಬಾಣಂತಿ ಬರಿಗೈಲಿ ಇರಬಾರದು ಎನ್ನುವ ಅತ್ತೆಯರಿಗೆ ಇದನ್ನು ಮುಂಚೆಯೇ ತಿಳಿಸಿ ಹೇಳಿ. ಬಳೆಯ ಸಂದಿಯಲ್ಲಿ ಕೂತ ಕೊಳೆಯೇ ಕೂಸಿಗೆ ಕುತ್ತು ತರಬಹುದು. ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪು ಹಚ್ಚಿ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಎಲ್ಲ ಉಜ್ಜಿ ತೊಳೆಯಿರಿ. ಸೆರಗಿಗೆ ಒರೆಸಿಕೊಂಡರೆ ತೊಳೆದದ್ದೆಲ್ಲ ವ್ಯರ್ಥ, ಗಾಳಿಗೆ ಆರಲು ಬಿಡಿ. ನೆಗಡಿ, ಜ್ವರ, ಚರ್ಮದ ಸೋಂಕು ಇರುವವರು ಆ ದಿನ ಒಳಗೆ ಹೋಗಬಾರದು. ಮೊಬೈಲು ಹೊರಗೇ ಇರಲಿ.

ತಾಯಿ ಒಂದೂರಲ್ಲಿ, ಕೂಸು ಒಂದೂರಲ್ಲಿ

ನಮ್ಮ ತಾಲ್ಲೂಕುಗಳ ದೊಡ್ಡ ತೊಡಕು ಇದೇ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹಾಸನಕ್ಕೆ ಸುಮಾರು 30ರಿಂದ 40 ಕಿ.ಮೀ. ದೂರದಲ್ಲಿವೆ. ಕೊಣನೂರು, ರಾಮನಾಥಪುರ, ಹಿರೀಸಾವೆಯ ಕಡೆಯವರಿಗೆ ಇನ್ನೂ ದೂರ. ತಾಯಿಗೆ ರಕ್ತಸ್ರಾವ, ಬಿ.ಪಿ. ತೊಂದರೆ ಇಲ್ಲದಿದ್ದರೆ ಕೂಸಿನ ಜೊತೆಗೇ ಅವಳನ್ನೂ ರೆಫರ್ ಮಾಡಿ ಎಂದು ಡಾಕ್ಟರನ್ನು ಕೇಳಿ. ಹಾಸನದಲ್ಲಿ ಅವಳನ್ನು ಬಾಣಂತಿಯರ ವಾರ್ಡಿಗೆ ಸೇರಿಸಿಕೊಂಡರೆ ಎರಡು ಗಂಟೆಗೊಮ್ಮೆ ಕೂಸಿನ ಹತ್ತಿರ ಬಂದುಹೋಗಬಹುದು. ಜೊತೆಯಲ್ಲಿ ತಾಯಿ ಕಾರ್ಡ್, ರೆಫರಲ್ ಚೀಟಿ, ಇಬ್ಬರ ಆಧಾರ್, ರೇಷನ್ ಕಾರ್ಡ್ ಇರಲಿ. ರೆಫರಲ್ ಚೀಟಿಯಲ್ಲಿ ಹುಟ್ಟಿದ ಸಮಯ, ತೂಕ, ಕೊಟ್ಟ ಇಂಜೆಕ್ಷನ್ ಬರೆದಿದ್ದಾರೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಹೊರಡುವಾಗ ಕೂಸಿನ ತಲೆಗೆ ಕುಲಾವಿ, ಕೈಕಾಲಿಗೆ ಸಾಕ್ಸು ಹಾಕಿ. ದಾರಿಯಲ್ಲಿ ಮೈ ತಣ್ಣಗಾಗುವುದು ಸಣ್ಣ ಕೂಸಿಗೆ ದೊಡ್ಡ ಅಪಾಯ. ತಾಯಿ ಜೊತೆಗಿದ್ದು ಡಾಕ್ಟರು ಒಪ್ಪಿದರೆ, ಅವಳ ಎದೆಗೆ ಅಪ್ಪಿಸಿ ಒಯ್ಯುವುದಕ್ಕಿಂತ ಒಳ್ಳೆಯ ದಾರಿಯಿಲ್ಲ.

ತಾಯಿ ಬರಲಾಗದಿದ್ದರೆ? ಅವಳು ಇದ್ದಲ್ಲೇ ಹಾಲು ಹಿಂಡಲು ಶುರು ಮಾಡಬೇಕು. ಇದು ತಡವಾಗಬಾರದು. ಹೆರಿಗೆಯಾದ ಮೊದಲ ತಾಸುಗಳಲ್ಲೇ ಆರಂಭಿಸಿದರೆ ಹಾಲು ಚೆನ್ನಾಗಿ ಇಳಿಯುತ್ತದೆ. ಮೂರ್ನಾಲ್ಕು ದಿನ ಬಿಟ್ಟು ಆರಂಭಿಸಿದರೆ ಕಷ್ಟ.

ಹಾಲು ಹಿಂಡುವ ರೀತಿ ಹೀಗೆ. ಕೈ ತೊಳೆದು ನೆಮ್ಮದಿಯಾಗಿ ಒರಗಿ ಕೂರಿ. ಬೆಚ್ಚನೆಯ ಒದ್ದೆ ಬಟ್ಟೆಯನ್ನು ಎದೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು, ಬೆರಳ ತುದಿಯಿಂದ ಸುತ್ತಲೂ ಮೆಲ್ಲಗೆ ನೀವಿ. ಕುದಿಸಿ ಆರಿಸಿದ ಅಗಲ ಬಾಯಿಯ ಸ್ಟೀಲ್ ಬಟ್ಟಲನ್ನು ಕೆಳಗೆ ಹಿಡಿಯಿರಿ. ತೊಟ್ಟಿನ ಸುತ್ತ ಕಪ್ಪಗಿರುವ ಭಾಗದ ಅಂಚಿನಲ್ಲಿ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಬರಲಿ. ಮೊದಲು ಎರಡೂ ಬೆರಳನ್ನು ಎದೆಗೂಡಿನ ಕಡೆಗೆ ಒತ್ತಿ. ಆಮೇಲೆ ಒಂದಕ್ಕೊಂದು ಸೇರುವಂತೆ ಅದುಮಿ, ಬಿಡಿ. ಒತ್ತಿ, ಅದುಮಿ, ಬಿಡಿ. ತೊಟ್ಟನ್ನು ಎಳೆಯಬೇಡಿ, ಅದರಿಂದ ಹಾಲೂ ಬರುವುದಿಲ್ಲ, ಗಾಯವಾಗುತ್ತದೆ. ಬೆರಳಿನ ಜಾಗವನ್ನು ಸುತ್ತಲೂ ಬದಲಿಸುತ್ತಾ ಹೋಗಿ. ಒಂದು ಕಡೆ ಮೂರರಿಂದ ಐದು ನಿಮಿಷ, ಆಮೇಲೆ ಇನ್ನೊಂದು ಕಡೆ, ಹೀಗೆ ಒಟ್ಟು 20ರಿಂದ 30 ನಿಮಿಷ. ಎರಡು-ಮೂರು ಗಂಟೆಗೊಮ್ಮೆ, ದಿನಕ್ಕೆ ಕನಿಷ್ಠ ಎಂಟು ಸಲ. ರಾತ್ರಿ ಒಮ್ಮೆಯಾದರೂ ಎದ್ದು ಹಿಂಡಬೇಕು.

ಮೊದಲ ದಿನ ಬಟ್ಟಲಿನ ತಳ ಒದ್ದೆಯಾಗುವಷ್ಟೇ ಬರಬಹುದು. ‘ಹಾಲೇ ಇಲ್ಲ’ ಎಂದು ಯಾರೂ ಅನ್ನಬೇಡಿ. ಒಂದೂವರೆ ಕೆ.ಜಿ.ಗಿಂತ ಕಡಿಮೆ ಇರುವ ಕೂಸಿಗೆ ಮೊದಮೊದಲು ಒಂದು ಹೊತ್ತಿಗೆ ಕೆಲವೇ ಎಂ.ಎಲ್. ಹಾಲು ಸಾಕು. ಹಳದಿ ಬಣ್ಣದ ಆ ಮೊದಲ ಹಾಲು ಸೋಂಕಿನ ವಿರುದ್ಧ ಕೂಸಿಗೆ ಸಿಗುವ ಮೊದಲ ರಕ್ಷಣೆ. ಒಂದು ಹನಿಯನ್ನೂ ಚೆಲ್ಲಬೇಡಿ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ 24 ಗಂಟೆ ಇರುತ್ತದೆ. ಹೊಳೆನರಸೀಪುರದಿಂದ ಹಾಸನಕ್ಕೆ ಬಸ್ಸಿನಲ್ಲಿ ಸುಮಾರು ಒಂದು ತಾಸು. ಡಬ್ಬಿಯ ಮೇಲೆ ತಾಯಿಯ ಹೆಸರು, ಹಿಂಡಿದ ಗಂಟೆ ಬರೆದು, ಐಸ್ ಇಟ್ಟ ಚೀಲದಲ್ಲಿ ಅಪ್ಪ ತಂದುಕೊಡಬಹುದು. ಮೊದಲು ಎಸ್‌ಎನ್‌ಸಿಯು ಸಿಸ್ಟರನ್ನು ಕೇಳಿ, ಅವರು ಹೇಳಿದ ಡಬ್ಬಿಯಲ್ಲೇ ತನ್ನಿ.

ಕೂಸು ಈ ಹಾಲನ್ನು ಹೇಗೆ ಕುಡಿಯುತ್ತದೆ? ಚೀಪುವುದು, ನುಂಗುವುದು, ಉಸಿರೆಳೆಯುವುದು ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳಲು ಅದಕ್ಕೆ ಸುಮಾರು 34 ವಾರ ತುಂಬಬೇಕು. ಅದಕ್ಕಿಂತ ಚಿಕ್ಕದಾದರೆ ಬಾಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆಯಲ್ಲಿ ಕೊಡುತ್ತಾರೆ. ನಂತರ ನಮ್ಮ ಅಜ್ಜಿಯರ ಒಳಲೆಯೇ ಬರುತ್ತದೆ. ಆಸ್ಪತ್ರೆಯಲ್ಲಿ ಅದಕ್ಕೆ ಪಾಲಡೈ ಎನ್ನುತ್ತಾರೆ. ಕೂಸನ್ನು ತಲೆ ಎತ್ತರವಾಗುವಂತೆ ಹಿಡಿದು, ಒಳಲೆಯ ತುದಿಯನ್ನು ತುಟಿಯ ಮೂಲೆಗೆ ತಾಗಿಸಿ, ತೊಟ್ಟು ತೊಟ್ಟಾಗಿ ಬಿಡಬೇಕು. ನುಂಗಿದ ಮೇಲೆಯೇ ಮುಂದಿನ ತೊಟ್ಟು. ಮಲಗಿಸಿ ಮೂಗು ಹಿಡಿದು ಸುರಿಯುವ ಹಳೆಯ ರೂಢಿ ಬೇಡವೇ ಬೇಡ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ನಿಪ್ಪಲ್ ಬಾಟಲಿಯೂ ಬೇಡ. ಸಕ್ಕರೆ ನೀರು, ಜೇನುತುಪ್ಪ, ಬಜೆ, ಹಸುವಿನ ಹಾಲು, ಗ್ರೈಪ್ ವಾಟರ್ ಯಾವುದನ್ನೂ ನೆಕ್ಕಿಸಬಾರದು. ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಕರುಳು ತುಂಬ ನಾಜೂಕು. ಅದಕ್ಕೆ ತಾಯಿಹಾಲಷ್ಟು ಹೊಂದುವ ಆಹಾರ ಬೇರೆ ಇಲ್ಲ.

ತಾಯಿಗೆ ಹಾಲು ಸಾಲದಿದ್ದರೆ ಬೇರೆ ಬಾಣಂತಿಯ ಹಾಲನ್ನು ಹಾಗೆಯೇ ತಂದು ಕೊಡಬೇಡಿ. ದಾನಿಗಳ ಹಾಲನ್ನು ತಪಾಸಣೆ ಮಾಡಿ, 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಇಡುವ ಹಾಲಿನ ಬ್ಯಾಂಕುಗಳಿವೆ. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯ ‘ಅಮೃತಧಾರೆ’ ಅಂಥದ್ದು. ನಿಮ್ಮ ಕೂಸಿಗೆ ಏನು ಕೊಡಬೇಕು ಎಂದು ಡಾಕ್ಟರೇ ಹೇಳಲಿ.

ಎದೆಗಪ್ಪುವ ಚಿಕಿತ್ಸೆ

ಕಾಂಗರೂ ಆರೈಕೆ ಎಂಬ ಹೆಸರು ಕೇಳಿರುತ್ತೀರಿ. ಕೊಲಂಬಿಯಾ ದೇಶದ ಬೊಗೋಟಾದ ಆಸ್ಪತ್ರೆಯೊಂದರಲ್ಲಿ 1970ರ ದಶಕದ ಕೊನೆಗೆ ಕೂಸನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್‌ಗಳು ಸಾಲದೆ ಬಂದಾಗ ಡಾ. ಎಡ್ಗರ್ ರೇ ಎಂಬುವರು ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿ ಬೆಚ್ಚಗಿಟ್ಟರು. ಯಂತ್ರ ಇಲ್ಲದ್ದಕ್ಕೆ ಹುಡುಕಿದ ಆ ಉಪಾಯ ಈಗ ಯಂತ್ರ ಇದ್ದರೂ ಬೇಕಾದ ಚಿಕಿತ್ಸೆ ಎಂದು ಸಾಬೀತಾಗಿದೆ. ಭಾರತ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ನಡೆಯಿತು. ನಮ್ಮ ದೇಶದಿಂದ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಅದರಲ್ಲಿತ್ತು. 1ರಿಂದ 1.8 ಕೆ.ಜಿ. ತೂಕದೊಳಗಿನ ಕೂಸುಗಳನ್ನು, ಸ್ಥಿತಿ ಸುಧಾರಿಸುವವರೆಗೆ ಕಾಯದೆ, ಹುಟ್ಟಿದ ಕೂಡಲೇ ಎದೆಗಪ್ಪಿಸಿದರು. ವಾರ್ಮರ್‌ನಲ್ಲಿಟ್ಟು ಆಮೇಲೆ ಎದೆಗೆ ಕೊಟ್ಟ ಕೂಸುಗಳಿಗೆ ಹೋಲಿಸಿದರೆ ಮೊದಲ 28 ದಿನದ ಸಾವು ಶೇ 25ರಷ್ಟು ಕಡಿಮೆಯಾಯಿತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶದ ಬಳಿಕ, ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ದಿನಕ್ಕೆ 8ರಿಂದ 24 ಗಂಟೆ ಕಾಂಗರೂ ಆರೈಕೆ ಕೊಡಿ, ಆದಷ್ಟು ಬೇಗ ಶುರು ಮಾಡಿ ಎಂದು ಹೇಳಿತು. ನಮ್ಮದೇ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆ, ಆಶಾ, ಮನೆ ಮೂರನ್ನೂ ಜೋಡಿಸಿ ಇದನ್ನು ಇಡೀ ಜಿಲ್ಲೆಗೆ ಮುಟ್ಟಿಸುವ ಪ್ರಯತ್ನ ನಡೆದು ಫಲ ಕೊಟ್ಟಿದೆ. ಹಾಸನದಲ್ಲಿ ಆಗದ್ದೇನಲ್ಲ.

ಮಾಡುವುದು ಸುಲಭ. ಕೂಸಿಗೆ ಕುಲಾವಿ, ಸಾಕ್ಸು, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಬೇಡ. ತಾಯಿ ಮುಂದೆ ಗುಂಡಿಯಿರುವ ರವಿಕೆ ಅಥವಾ ನೈಟಿ ಹಾಕಿಕೊಂಡು, ದಿಂಬಿಗೆ ಸ್ವಲ್ಪ ಹಿಂದಕ್ಕೆ ಒರಗಿ ಕೂರಲಿ. ಸಿಸ್ಟರ್ ಕೂಸನ್ನು ಎರಡು ಮೊಲೆಗಳ ನಡುವೆ ನೆಟ್ಟಗೆ ಮಲಗಿಸುತ್ತಾರೆ. ತಲೆ ಒಂದು ಪಕ್ಕಕ್ಕೆ ತಿರುಗಿ ತುಸು ಮೇಲೆತ್ತಿರಲಿ, ಮೂಗು ಬಾಯಿ ಕಾಣುತ್ತಿರಲಿ. ಗದ್ದ ಎದೆಗೆ ಒತ್ತಿಕೊಂಡರೆ ಉಸಿರು ಕಟ್ಟುತ್ತದೆ. ಕೈಕಾಲು ಕಪ್ಪೆಯ ಹಾಗೆ ಮಡಚಿರಲಿ. ಮೇಲೆ ಮೆತ್ತಗಿನ ಹಳೆ ಹತ್ತಿ ಸೀರೆಯ ಪಟ್ಟಿ ಸುತ್ತಿ ಕಟ್ಟಿ. ಒಂದು ಸಲಕ್ಕೆ ಒಂದು ಗಂಟೆಗಿಂತ ಕಡಿಮೆ ಬೇಡ, ಪದೇ ಪದೇ ಎತ್ತಿ ಇಳಿಸಿದರೆ ಕೂಸಿಗೆ ದಣಿವು. ಸ್ವಲ್ಪ ಹೊತ್ತಿಗೆ ಕೂಸಿನ ಉಸಿರಾಟ ಒಂದು ಹದಕ್ಕೆ ಬರುವುದು ಮಾನಿಟರಿನಲ್ಲೂ ಕಾಣುತ್ತದೆ, ನಿಮ್ಮ ಎದೆಗೂ ತಿಳಿಯುತ್ತದೆ.

ಸಿಸೇರಿಯನ್ ಆಗಿದ್ದರೆ? ಆಗಲೂ ಮಾಡಬಹುದು, ಕೂಸು ಹೊಲಿಗೆಗಿಂತ ಮೇಲಿರುತ್ತದೆ. ತಾಯಿ ದಣಿದಾಗ ಅಪ್ಪ ಅಂಗಿ ಬಿಚ್ಚಿ ಎದೆಗಪ್ಪಿಕೊಳ್ಳಲಿ. ಅಜ್ಜಿ, ಚಿಕ್ಕಮ್ಮ, ಸೋದರತ್ತೆಯೂ ಕೊಡಬಹುದು. ಗಂಡಸರು ಇಷ್ಟು ಎಳೆಗೂಸನ್ನು ಎತ್ತಬಾರದು ಎಂಬ ಸಂಕೋಚ ಬಿಡಿ. ಪುರುಡು ಕಳೆಯುವವರೆಗೆ ಮುಟ್ಟಬಾರದು ಎನ್ನುವ ಹಿರಿಯರಿಗೆ ಡಾಕ್ಟರಿಂದಲೇ ಹೇಳಿಸಿ. ಆ 11 ದಿನಗಳೇ ಕೂಸಿಗೆ ಅತಿ ಬೆಲೆಯ ದಿನಗಳು. ಮನೆಗೆ ಬಂದ ಮೇಲೂ ಎರಡೂವರೆ ಕೆ.ಜಿ. ಆಗುವವರೆಗೆ ಮುಂದುವರಿಸಿ.

ಬಾಣಂತಿಯನ್ನು ಮರೆಯಬೇಡಿ

ಎಲ್ಲರ ಕಣ್ಣೂ ಕೂಸಿನ ಮೇಲೆ ಇರುವಾಗ ಎಂಟು ಸಲ ಹಾಲು ಹಿಂಡುವ, ಹೊಲಿಗೆ ಹೊತ್ತು ಕಾರಿಡಾರಿನಲ್ಲಿ ಓಡಾಡುವ ತಾಯಿ ಊಟ ಮಾಡಿದಳೇ ಎಂದು ಕೇಳುವವರಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬಿಡಿ. ಬಾಯಾರಿದಷ್ಟೂ ನೀರು, ಮೂರು ಹೊತ್ತು ಬಿಸಿ ಊಟ, ಜೊತೆಗೆ ಸೊಪ್ಪು, ಬೇಳೆ, ಮೊಟ್ಟೆ, ಹಾಲು ಕೊಡಿ. ಅವಳ ಕಬ್ಬಿಣದ ಮಾತ್ರೆ ತಪ್ಪದಿರಲಿ. ಹಾಸನದಲ್ಲಿ ನೆಂಟರಿದ್ದರೆ ಅವರು ಮಾಡಬಹುದಾದ ಅತಿ ದೊಡ್ಡ ಉಪಕಾರ ಒಂದು ಊಟದ ಕ್ಯಾರಿಯರ್, ಒಂದು ಫ್ಲಾಸ್ಕ್ ಬಿಸಿನೀರು ಮತ್ತು ಸ್ನಾನಕ್ಕೊಂದು ಜಾಗ. ಊರಲ್ಲಿರುವವರು ಹಸು ಕರೆದು, ದೊಡ್ಡ ಮಗುವನ್ನು ಶಾಲೆಗೆ ಕಳಿಸಿದರೆ ಸಾಕು. ಗುಂಪು ಕಟ್ಟಿಕೊಂಡು ನೋಡಲು ಬರುವುದು ಬೇಡ. ‘ಎಷ್ಟು ತೂಕ ಆಯ್ತು, ಯಾವಾಗ ಬಿಡ್ತಾರೆ’ ಎಂದು ದಿನಕ್ಕೆ ಹತ್ತು ಜನ ಫೋನ್ ಮಾಡುವುದೂ ಬೇಡ. ಮನೆಯವರೊಬ್ಬರು ಎಲ್ಲರಿಗೂ ಸುದ್ದಿ ಮುಟ್ಟಿಸಲಿ.

ಹೆರಿಗೆಯ ನಂತರ ಕೆಲವು ದಿನ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ಸೇರದೆ, ಕೂಸಿನ ಮೇಲೆ ಮನಸ್ಸೇ ಇಲ್ಲದಂತಿದ್ದರೆ, ಬದುಕು ಬೇಡ ಎನ್ನುವ ಮಾತು ಬಂದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆ. ಮಾಟ, ದೃಷ್ಟಿ ಎಂದು ಹೊತ್ತು ಕಳೆಯಬೇಡಿ. ವಾರ್ಡಿನ ಡಾಕ್ಟರಿಗೆ ತಿಳಿಸಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅಪ್ಪಂದಿರಿಗೂ ಇದೇ ನಂಬರು.

ಎಲ್ಲ ಪ್ರಯತ್ನದ ನಂತರವೂ ಕೆಲವು ಕೂಸುಗಳು ಉಳಿಯುವುದಿಲ್ಲ. ಹಾಗಾದಾಗ ತಾಯಿಯಿಂದ ಮುಚ್ಚಿಡಬೇಡಿ. ಕೂಸನ್ನು ಒಮ್ಮೆ ಎತ್ತಿಕೊಳ್ಳಬೇಕು ಎಂದರೆ ಎತ್ತಿಕೊಳ್ಳಲಿ. ಆಮೇಲೂ ಅವಳ ಎದೆ ಕಟ್ಟುತ್ತದೆ, ಹೊಲಿಗೆ ನೋಯುತ್ತದೆ. ಅವಳಿನ್ನೂ ಬಾಣಂತಿಯೇ, ಪೂರ್ತಿ ಆರೈಕೆ ಅವಳಿಗೆ ಸಲ್ಲಬೇಕು.

ಖರ್ಚು ಎಷ್ಟು?

ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ರೂಪಾಯಿಯೂ ಇಲ್ಲ. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕಾಯಿಲೆಯ ಕೂಸಿನ ಚಿಕಿತ್ಸೆ, ಔಷಧ, ರಕ್ತ, ಪರೀಕ್ಷೆ ಎಲ್ಲ ಉಚಿತ. ಮೊದಲು 30 ದಿನದವರೆಗೆ ಇದ್ದದ್ದನ್ನು ಆಮೇಲೆ ಒಂದು ವರ್ಷದವರೆಗೆ ವಿಸ್ತರಿಸಿದ್ದಾರೆ. ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಮತ್ತೆ ಮನೆಗೆ ವಾಹನವೂ ಉಚಿತ. ತುರ್ತಿಗೆ 108 ಇದೆ. ಬಾಣಂತಿ-ಕೂಸನ್ನು ಮನೆಗೆ ಬಿಡುವ ‘ನಗು-ಮಗು’ ವಾಹನವನ್ನು ಡಿಸ್ಚಾರ್ಜ್ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಔಷಧವನ್ನು ಹೊರಗೆ ತರಲು ಚೀಟಿ ಕೊಟ್ಟರೆ, ಈ ಕಾರ್ಯಕ್ರಮದಡಿ ಸಿಗುವುದಿಲ್ಲವೇ ಎಂದು ವಿನಯದಿಂದಲೇ ಕೇಳಿ.

ಖಾಸಗಿ ಎನ್‌ಐಸಿಯುನಲ್ಲಿ ದಿನಕ್ಕೆ ಸಾವಿರಾರು ರೂಪಾಯಿ. ವೆಂಟಿಲೇಟರ್ ಬಂದರೆ ಇನ್ನೂ ಏರುತ್ತದೆ. ಸೇರಿಸುವ ಮೊದಲೇ ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನವಜಾತ ಶಿಶುಗಳ ಚಿಕಿತ್ಸೆಗೂ ಪ್ಯಾಕೇಜುಗಳಿವೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜು ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿರಬೇಕು. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ. ಕೂಸಿಗೆ ಕಾರ್ಡ್ ಇಲ್ಲವಲ್ಲ ಎಂದು ಕೈಚೆಲ್ಲಬೇಡಿ. ಅಪ್ಪ-ಅಮ್ಮನ ಕಾರ್ಡ್ ಹಿಡಿದು, ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರನ್ನು ಮೊದಲ ದಿನವೇ ಕಾಣಿ. ಬಡ್ಡಿ ಸಾಲ ತೆಗೆಯುವುದು, ಒಡವೆ ಅಡವಿಡುವುದು ಇದಾದ ಮೇಲಿನ ಮಾತು.

ಹಾಸನದಲ್ಲಿ ಹಾಸಿಗೆ ಸಿಗದಿದ್ದರೆ ಅಥವಾ ಶಸ್ತ್ರಚಿಕಿತ್ಸೆ ಬೇಕಾದರೆ ಸರ್ಕಾರಿ ವ್ಯವಸ್ಥೆಯಲ್ಲಿ ಮೈಸೂರಿನ ಚೆಲುವಾಂಬ ಆಸ್ಪತ್ರೆ, ಬೆಂಗಳೂರಿನ ವಾಣಿ ವಿಲಾಸ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಇವೆ. ಹಿರೀಸಾವೆಯ ಕಡೆಯವರಿಗೆ ಬೆಳ್ಳೂರು ಕ್ರಾಸ್ ಬಳಿಯ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ಎಲ್ಲಿಗೇ ಆಗಲಿ, ಅಲ್ಲಿ ಹಾಸಿಗೆ ಇದೆಯೇ ಎಂದು ಇಲ್ಲಿಯ ಡಾಕ್ಟರು ಫೋನ್ ಮಾಡಿ ಖಚಿತಪಡಿಸಿದ ಮೇಲೆಯೇ ಹೊರಡಿ.

ಮನೆಗೆ ಬಂದ ಮೇಲೆ

ಕೂಸು ಯಂತ್ರವಿಲ್ಲದೆ ಉಸಿರಾಡುತ್ತಿದೆ, ಮೈ ಬೆಚ್ಚಗಿದೆ, ಎದೆಯಿಂದಲೋ ಒಳಲೆಯಿಂದಲೋ ಚೆನ್ನಾಗಿ ಕುಡಿಯುತ್ತಿದೆ, ಕೆಲವು ದಿನಗಳಿಂದ ಸತತವಾಗಿ ತೂಕ ಏರುತ್ತಿದೆ ಎಂದಾದಾಗ ಡಿಸ್ಚಾರ್ಜ್ ಮಾಡುತ್ತಾರೆ. ಅವಸರ ಮಾಡಿ, ಸ್ವಂತ ಜವಾಬ್ದಾರಿ ಎಂದು ಸಹಿ ಹಾಕಿ ಕರೆದೊಯ್ಯಬೇಡಿ. ಜನನ ನೋಂದಣಿಗೆ 21 ದಿನದ ಗಡುವು ಇದೆ, ಹೆಸರಿಡದಿದ್ದರೂ ನೋಂದಾಯಿಸಬಹುದು. ಲಸಿಕೆಯ ಲೆಕ್ಕ ಹುಟ್ಟಿದ ದಿನದಿಂದಲೇ. ಬೆಳವಣಿಗೆಯ ಲೆಕ್ಕ ಮಾತ್ರ ಬೇರೆ. ಎರಡು ತಿಂಗಳು ಮುಂಚೆ ಹುಟ್ಟಿದ ಕೂಸಿಗೆ ಆರು ತಿಂಗಳಾದಾಗ ಅದು ನಾಲ್ಕು ತಿಂಗಳ ಕೂಸಿನ ಹಾಗೆ ಆಡುತ್ತದೆ. ಪಕ್ಕದ ಮನೆಯ ಮಗು ಆಗಲೇ ಕೂರುತ್ತಿದೆಯಲ್ಲ ಎಂದು ಹೋಲಿಸಬೇಡಿ.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು. ಎಸ್‌ಎನ್‌ಸಿಯುನಿಂದ ಬಂದ ಕೂಸಿದೆ ಎಂದು ಅವರಿಗೆ ಮೊದಲೇ ತಿಳಿಸಿ. ಕಣ್ಣಿಗೆ ಕಾಡಿಗೆ, ಕಿವಿಗೆ ಎಣ್ಣೆ, ಸಾಂಬ್ರಾಣಿ ಹೊಗೆ ಬೇಡ. ಕೂಸು ಹಾಲು ಬಿಟ್ಟರೆ, ಎದೆ ಒಳಕ್ಕೆ ಎಳೆದುಕೊಂಡು ವೇಗವಾಗಿ ಉಸಿರಾಡಿದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ. ಸಣ್ಣಪುಟ್ಟ ಸಂದೇಹಕ್ಕೆ 104 ಇದೆ.

ಕಣ್ಣಿನ ಪರೀಕ್ಷೆಯನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ ಕೂಸುಗಳ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದು. ಇದಕ್ಕೆ ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಹುಟ್ಟಿ 30 ದಿನ ತುಂಬುವುದರೊಳಗೆ ಪರೀಕ್ಷೆ ಆಗಬೇಕು. 28 ವಾರಕ್ಕೂ ಮುಂಚೆ ಹುಟ್ಟಿದ್ದರೆ ಅಥವಾ 1,200 ಗ್ರಾಂಗಿಂತ ಕಡಿಮೆ ಇದ್ದರೆ ಎರಡು-ಮೂರು ವಾರದಲ್ಲೇ ಆಗಬೇಕು. ಆ ಹೊತ್ತಿಗೆ ಸಿಕ್ಕಿದರೆ ಲೇಸರ್ ಅಥವಾ ಇಂಜೆಕ್ಷನ್‌ನಿಂದ ದೃಷ್ಟಿ ಉಳಿಸಬಹುದು. ತಡವಾದರೆ ಮಗು ಜೀವನಪೂರ್ತಿ ಕುರುಡಾಗಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಕಾರ್ಯಕ್ರಮದಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಊರೂರಿನ ಆಸ್ಪತ್ರೆಗೆ ಹೋಗಿ, ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳಿಸುವ ವ್ಯವಸ್ಥೆ ಇದೆ. ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕ ಇಲ್ಲದಿದ್ದರೆ ಬರೆಸಿಕೊಳ್ಳದೆ ಆಸ್ಪತ್ರೆಯಿಂದ ಹೊರಡಬೇಡಿ. ಕಿವಿಯ ಪರೀಕ್ಷೆಯನ್ನೂ ಅಲ್ಲೇ ಕೇಳಿ. ಹೆಚ್ಚಿನ ತಪಾಸಣೆ ಬೇಕಾದರೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಳವಣಿಗೆ ನಿಧಾನ ಅನ್ನಿಸಿದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ನಡೆಯುವ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯ ಮೂಲಕವೇ ಹೋಗಬಹುದು. ಅಲ್ಲಿಯೂ ಹಣ ಕೊಡಬೇಕಿಲ್ಲ.